ಎಂಜಿನು ಕೆಟ್ಟಾಗ ಗಾಡಿಯ ಒಡೆಯನ ಪಾಡು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಲಯದ ವೇದಿಕೆಯಲ್ಲಿ ಮೋಟಾರುಗಾಡಿಯ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮ್ಮ ಕಾಸರಗೋಡು ಸೀಮೆಯಲ್ಲಿ ಸಾಲ ಮಾಡಿ ಕೊಂಡ ಬಾಡಿಗೆ ಕಾರು, ಜೀಪುಗಳನ್ನೇ ನಂಬಿ ಬಾಳುವ ಕುಟುಂಬಗಳು ಅನೇಕವಿವೆ. ಅಂತಹ ಮನೆಯಲ್ಲಿ ಎಂಜಿನು ಕೆಟ್ಟು ನಿಂತಿತೆಂದರೆ ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ದುರಸ್ತಿಯ ಲೆಕ್ಕ ಲಕ್ಷ ರೂಪಾಯಿಗಳನ್ನು ಮೀರಿದಾಗ ಮಗಳ ಕಾಲೇಜಿನ ವಿಚಾರವನ್ನು ಮುಂದಿನ ವರ್ಷ ನೋಡೋಣವೆಂಬ ಮಾತು ಅಲ್ಲಿ ಮೆಲ್ಲನೆ ಹುಟ್ಟಿಕೊಳ್ಳುತ್ತದೆ. ಆದುದರಿಂದ ಈ ವಿಷಯವು ಶಾಲೆಗೆ ಹೊರತಾದುದೆಂದು ನಾನು ಭಾವಿಸಿಲ್ಲ.

ಎಂಜಿನು ಹೇಗೆ ಕೆಡುತ್ತದೆಂಬುದನ್ನು ವಿದ್ಯಾರ್ಥಿಗಳು ಮೊದಲು ತಿಳಿಯಬೇಕು. ತಿರುಗುವ ಕ್ರ್ಯಾಂಕ್ ಶಾಫ್ಟಿಗೂ ಅದನ್ನು ಹೊತ್ತ ಬೇರಿಂಗುಗಳಿಗೂ ನಡುವೆ ಎಣ್ಣೆಯ ತೆಳುವಾದ ಪದರವೊಂದಿರುತ್ತದೆ. ಎಣ್ಣೆ ತಲುಪದೆ ಹೋದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕೊನೆಗೆ ಹಿಡಿದುಕೊಂಡುಬಿಡುತ್ತದೆ. ಎಣ್ಣೆಯ ಕೆಂಪು ದೀಪ ಬೆಳಗಿದ ಮೇಲೂ ಗಾಡಿ ಓಡಿಸುವುದು ಈ ಕಾರಣದಿಂದಲೇ ಅಪಾಯಕರ. ಮಳೆಗಾಲದ ನೆರೆಯಲ್ಲಿ ಆಗುವ ಹಾನಿಯ ಬಗೆ ಬೇರೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು. ನೀರನ್ನು ಹಾಗೆ ಕುಗ್ಗಿಸಲಾಗದು. ಸಿಲಿಂಡರಿನೊಳಗೆ ನೀರು ಹೊಕ್ಕಾಗ ಮೇಲೇರುವ ಪಿಸ್ಟನ್ನಿಗೆ ಎಡೆ ಸಿಗದೆ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಇದಕ್ಕೆ ತಯಾರಕರನ್ನು ದೂರುವುದು ನ್ಯಾಯವಲ್ಲ. ಅದು ವಿಮೆಯವರೊಡನೆ ಇತ್ಯರ್ಥವಾಗಬೇಕಾದ ವಿಷಯ.

ಆದರೆ ಎಂಜಿನು ಹೇಗೆಯೇ ಕೆಟ್ಟಿರಲಿ, ಮಾರಾಟಗಾರರ ಕಾರ್ಖಾನೆಯಲ್ಲಿ ಮೊದಲು ಕೇಳಿಬರುವ ತೀರ್ಪು ಬಹುಮಟ್ಟಿಗೆ ಒಂದೇ: “ತಾವು ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಯಿಸಿಲ್ಲ.” ಕೆಲವೊಮ್ಮೆ ಅದು ನಿಜವೂ ಇರಬಹುದು. ಅಮೆರಿಕದಲ್ಲಿ ಹ್ಯುಂಡೈ ಕಂಪನಿಯವರು 2015ರಲ್ಲಿ ಸುಮಾರು 4,70,000 ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಸಿದುದು ಮಾತ್ರ ಒಡೆಯರ ಅಲಕ್ಷ್ಯದಿಂದಲ್ಲ. ಕ್ರ್ಯಾಂಕ್ ಶಾಫ್ಟನ್ನು ಕಡೆಯುವಾಗ ಉಳಿದ ಲೋಹದ ಚೂರುಗಳು ಎಣ್ಣೆಯ ಹಾದಿಯನ್ನು ತಡೆಯಬಹುದೆಂಬುದೇ ಅಲ್ಲಿನ ದೋಷವಾಗಿತ್ತು. 2017ರಲ್ಲಿ ಕಿಯಾ ಕಾರುಗಳೂ ಸೇರಿ ಇನ್ನೂ ಸುಮಾರು ಹನ್ನೆರಡು ಲಕ್ಷ ಗಾಡಿಗಳನ್ನು ಕರೆಸಬೇಕಾಯಿತು. ಕಂಪನಿಯೊಳಗಿನ ಎಂಜಿನಿಯರ್ ಕಿಮ್ ಗ್ವಾಂಗ್-ಹೋ ಎಂಬುವರು ತಾವು ಕಂಡುದನ್ನು 2016ರಲ್ಲಿ ಅಮೆರಿಕದ ಸರಕಾರಕ್ಕೆ ತಿಳಿಸಿದರು; 2021ರಲ್ಲಿ ಆ ಸರಕಾರವು ಅವರಿಗೆ 240 ಲಕ್ಷ ಡಾಲರಿಗೂ ಮಿಕ್ಕಿದ ಪುರಸ್ಕಾರವನ್ನು ಕೊಟ್ಟಿತು. ಒಂದು ಗಾಡಿಯಲ್ಲಿ ಅಲಕ್ಷ್ಯವೆಂದು ತೋರುವುದು ಸಾವಿರಾರು ಗಾಡಿಗಳಲ್ಲಿ ಕಂಡುಬಂದಾಗ ಬೇರೆ ಹೆಸರು ಪಡೆಯುತ್ತದೆ.

ಹಾಗಾದರೆ ಒಬ್ಬಂಟಿಯಾದ ಒಡೆಯನು ಮಾಡಬೇಕಾದುದೇನು? ಕೂಗಾಡುವುದರಿಂದ ಪ್ರಯೋಜನವಿಲ್ಲ, ಕೌಂಟರಿನ ಆಚೆಗಿರುವ ಗುಮಾಸ್ತನು ಎಂಜಿನನ್ನು ಮಾಡಿದವನಲ್ಲ. ಪ್ರತಿ ಸರ್ವಿಸಿನ ಬಿಲ್ಲನ್ನೂ ಜಾಬ್ ಕಾರ್ಡನ್ನೂ ಒಂದು ಕಡತದಲ್ಲಿ ಇಟ್ಟಿದ್ದರೆ “ಎಣ್ಣೆ ಬದಲಾಯಿಸಿಲ್ಲ” ಎಂಬ ಮಾತಿಗೆ ಅಲ್ಲಿಯೇ ಉತ್ತರ ದೊರೆಯುತ್ತದೆ. ಗಾಡಿಯನ್ನು ಒಪ್ಪಿಸುವಾಗ ದೂರನ್ನು ತಮ್ಮದೇ ಮಾತುಗಳಲ್ಲಿ ಬರೆಯಿಸಿ, ಅದನ್ನು ಓದಿದ ಮೇಲೆಯೇ ಸಹಿ ಹಾಕಿರಿ. ಎಂಜಿನನ್ನು ಬಿಚ್ಚುವ ಮೊದಲು ಅಂದಾಜು ವೆಚ್ಚವನ್ನೂ, ಬಿಚ್ಚಿದ ಮೇಲೆ ಕೆಟ್ಟುದರ ಕಾರಣವನ್ನೂ ಲಿಖಿತವಾಗಿ ಕೇಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮುರಿದ ಭಾಗಗಳನ್ನು ಗುಜರಿಗೆ ಹೋಗಗೊಡಬೇಡಿರಿ. ಫೋಟೋ ತೆಗೆದು, ಸಾಧ್ಯವಿದ್ದರೆ ಮನೆಗೇ ತನ್ನಿರಿ. ಪರೀಕ್ಷಿಸದೆ ತಿಳಿಯಲಾಗದ ದೋಷವಾದರೆ ಗ್ರಾಹಕ ಆಯೋಗವು ಆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲುದು. ಆದರೆ ವಸ್ತುವೇ ಇಲ್ಲದ ಮೇಲೆ ಏನನ್ನು ಕಳುಹಿಸುವುದು? ಇನ್ನು, ವಾರಂಟಿ ಮುಗಿದು ಕೆಲವೇ ತಿಂಗಳಾಗಿದ್ದರೆ ಖರ್ಚಿನಲ್ಲಿ ಒಂದು ಪಾಲನ್ನು ಹೊರುವಂತೆ ಕಂಪನಿಯನ್ನೇ ಪತ್ರಮುಖೇನ ಕೇಳುವುದರಲ್ಲಿ ಸಂಕೋಚ ಬೇಡ. ಸರ್ವಿಸಿನ ದಾಖಲೆ ಸರಿಯಿದ್ದವರಿಗೆ ಕಂಪನಿಗಳು ಹಾಗೆ ಒಪ್ಪಿದ್ದುಂಟು.

ಒಪ್ಪದಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿದೆ. ಬಾಡಿಗೆಗೆ ಓಡಿಸುವವನು ಗ್ರಾಹಕನಲ್ಲವೆಂದು ಹೆದರಿಸುವವರುಂಟು. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡವನು ಗ್ರಾಹಕನೇ ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಗಡಿನಾಡಿನವರಾದ ನಮಗೆ ಇನ್ನೊಂದು ಅನುಕೂಲವೂ ಒದಗಿದೆ. ಮಂಗಳೂರಿನಲ್ಲಿ ಕೊಂಡ ಗಾಡಿಗಾಗಿ ಅಲ್ಲಿಗೇ ಅಲೆಯಬೇಕಾಗಿಲ್ಲ; ದೂರುದಾರನು ವಾಸಿಸುವ ಊರಿನ ಆಯೋಗದಲ್ಲಿಯೇ, ಎಂದರೆ ಕಾಸರಗೋಡಿನಲ್ಲಿಯೇ, ದೂರು ಕೊಡಬಹುದು. ಹಳೆಯ 1986ರ ಕಾಯಿದೆಯಲ್ಲಿ ಈ ಸೌಕರ್ಯವಿರಲಿಲ್ಲ. ಐದು ಲಕ್ಷದಿಂದ ಹತ್ತು ಲಕ್ಷದವರೆಗೆ ಬೆಲೆ ಕೊಟ್ಟ ಗಾಡಿಗೆ ದೂರಿನ ಶುಲ್ಕ 200 ರೂಪಾಯಿ ಮಾತ್ರ; ಐದು ಲಕ್ಷದೊಳಗಾದರೆ ಅದೂ ಇಲ್ಲ.

ಆದರೆ ಬೇಡಿಕೆಯಲ್ಲಿ ಮಿತಿ ಇರಬೇಕು. ವಾರಂಟಿಯ ಕರಾರಿನಂತೆ ಕೆಟ್ಟ ಭಾಗವನ್ನು ಬದಲಿಸಿಕೊಡಬೇಕೇ ಹೊರತು ಇಡೀ ಕಾರನ್ನಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ಒಂದು ಮೊಕದ್ದಮೆಯಲ್ಲಿ ತೀರ್ಮಾನಿಸಿತು. 2021ರ ಗೋವೆಯ ಮೊಕದ್ದಮೆಯೊಂದು ಇನ್ನೂ ಗಮನಾರ್ಹವಾದುದು. 2011ರ ಕಾರಿಗೆ ಹಣ ತೆತ್ತವರಿಗೆ ಡೀಲರು ಅದಾಗಲೇ 622 ಕಿಲೋಮೀಟರು ಓಡಿದ್ದ 2009ರ ಕಾರನ್ನು ಕೊಟ್ಟಿದ್ದನು. ಡೀಲರನ ಈ ತಪ್ಪು ಕಂಪನಿಗೆ ತಿಳಿದಿತ್ತೆಂದು ತೋರಿಸದೆ ತಯಾರಕರನ್ನು ಹೊಣೆ ಮಾಡಲಾಗದೆಂದು ನ್ಯಾಯಾಲಯವು ಹೇಳಿತು. ಆದುದರಿಂದ ಇಬ್ಬರನ್ನೂ ಎದುರುಪಕ್ಷವಾಗಿ ಸೇರಿಸುವುದು ಲೇಸು. ಎಂಜಿನಿನಲ್ಲಿ ಹುಟ್ಟಿನಿಂದಲೇ ಇದ್ದ ದೋಷವಾವುದು, ದುರಸ್ತಿಯಲ್ಲಿ ಆದ ತಪ್ಪು ಯಾವುದು ಎಂಬುದನ್ನೂ ದೂರಿನಲ್ಲಿ ಬಿಡಿಸಿ ಬರೆಯಬೇಕು.

ದೂರು ಕೊಡಲು ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಅವಧಿಯಿದೆ. “ಮುಂದಿನ ವಾರ ಬನ್ನಿ” ಎಂಬ ಮಾತುಗಳಲ್ಲಿ ಆ ಕಾಲ ಸರಿದುಹೋಗದಂತೆ ನೋಡಿಕೊಳ್ಳಬೇಕು. ಜಾಬ್ ಕಾರ್ಡುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಮೇಲಿನ ತರಗತಿಯ ಮಕ್ಕಳು ಅವನ್ನು ತಂದೆಗೆ ಕನ್ನಡದಲ್ಲಿ ಓದಿ ಹೇಳಲಿ, ಸಹಿ ಬೀಳುವ ಮೊದಲೇ.