ರೂಪಾಯಿ ಕರಗುವಾಗ ನಮ್ಮ ಮೇಲಿರುವ ಹಕ್ಕುಗಳು

(ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನನ್ನು ಸ್ತುತಿಸುತ್ತೇವೆ. ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬ ಮತ್ತು ಅನುಚರರ ಮೇಲೆ ಅವನ ಶಾಂತಿ, ಅನುಗ್ರಹಗಳಿರಲಿ. ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ನಿಮಗೂ, ಅದಕ್ಕಿಂತ ಮೊದಲು ನಮಗೂ ಉಪದೇಶಿಸುತ್ತೇವೆ.

ಸಹೋದರ ಸಹೋದರಿಯರೇ,

ನಮಾಝ್ ಮುಗಿಸಿ ಮೆಟ್ಟಿಲ ಬಳಿ ಚಪ್ಪಲಿ ಹುಡುಕುವಷ್ಟರಲ್ಲೇ ನಮ್ಮ ನಡುವೆ ಶುರುವಾಗುವ ಮಾತು ಯಾವುದು? ಹೆಚ್ಚಿನ ಸಲ ಅದು ಬೆಲೆಯ ಮಾತು. ಎಣ್ಣೆ ಇಷ್ಟಾಯಿತು, ಅಕ್ಕಿ ಅಷ್ಟಾಯಿತು, ಮಕ್ಕಳ ಶಾಲೆಯ ಫೀಸು ಕೈಗೆ ಸಿಗುತ್ತಿಲ್ಲ, ಬಾಡಿಗೆ ಮತ್ತೆ ಏರಿದೆ. ಈ ದೂರಿನಲ್ಲಿ ತಪ್ಪಿಲ್ಲ, ಕಷ್ಟ ನಿಜವಾದದ್ದೇ. ಆದರೆ ಈ ಮಾತಿನಲ್ಲಿ ನಾವೆಲ್ಲರೂ ಕೊಳ್ಳುವವರಾಗಿಯೇ ಇರುತ್ತೇವೆ. ಇನ್ನೊಬ್ಬರಿಗೆ ಕೊಡಬೇಕಾದವರು ಎಂಬ ನೆಲೆಯಲ್ಲಿ ನಿಂತು ಬೆಲೆಯೇರಿಕೆಯ ಬಗ್ಗೆ ಮಾತಾಡುವವರು ಬಹಳ ಕಡಿಮೆ. ಇಂದು ನಾವು ಆ ನೆಲೆಯಲ್ಲಿ ನಿಂತು ಯೋಚಿಸೋಣ.

ಮೊದಲು ಬೆಲೆ ಏಕೆ ಏರುತ್ತದೆಂದು ಸ್ವಲ್ಪ ತಿಳಿದುಕೊಳ್ಳೋಣ. 2022ರ ಆರಂಭದಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಲ್ಲಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆ ನಿಂತಿತು. ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ತನ್ನ ಪಾಮ್ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ನಮ್ಮ ದೇಶ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುವುದರಿಂದ ಎಲ್ಲೋ ನಡೆದ ಯುದ್ಧ ನಮ್ಮ ಬಾಣಲೆಯವರೆಗೆ ಬಂದು ಮುಟ್ಟಿತು. ಆ ಏಪ್ರಿಲ್‌ನಲ್ಲಿ ದೇಶದ ಹಣದುಬ್ಬರ ಶೇ. 7.79ಕ್ಕೆ ಏರಿತು. ಅದನ್ನು ತಗ್ಗಿಸಲು ರಿಸರ್ವ್ ಬ್ಯಾಂಕ್ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ತನ್ನ ರೆಪೋ ದರವನ್ನು ಶೇ. 4ರಿಂದ ಶೇ. 6.5ಕ್ಕೆ ಏರಿಸಿತು. ಇಂತಹ ಏರಿಕೆಗೆ ನಮ್ಮ ಬೀದಿಯ ದಿನಸಿ ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. 2016ರಿಂದ ನಮ್ಮ ದೇಶದಲ್ಲಿ ಹಣದುಬ್ಬರಕ್ಕೆ ಒಂದು ಗುರಿ ಇದೆ. ವರ್ಷಕ್ಕೆ ಶೇ. 4, ಹೆಚ್ಚೆಂದರೆ 6, ಕಡಿಮೆಯೆಂದರೆ 2. ಅಂದರೆ ಎಲ್ಲವೂ ಅಂದುಕೊಂಡಂತೆ ನಡೆದರೂ ಬೆಲೆಗಳು ವರ್ಷಕ್ಕೆ ಶೇ. 4ರಷ್ಟು ಏರುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರುವ ನೂರು ರೂಪಾಯಿಯ ಶಕ್ತಿ ಸುಮಾರು 18 ವರ್ಷಗಳಲ್ಲಿ ಅರ್ಧವಾಗುತ್ತದೆ. ಶೇ. 6 ಆದರೆ 12 ವರ್ಷ ಸಾಕು. ದೇಶದ ಆರ್ಥಿಕತೆ ಬೆಳೆಯುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತವೆ, ಅದೂ ನಿಜ. ಆದರೆ ಆ ಬೆಳವಣಿಗೆಯ ಪಾಲು ಸಂಬಳ ಏರಿಸಿಕೊಳ್ಳಬಲ್ಲವನಿಗೆ, ಬೆಲೆ ಏರಿಸಬಲ್ಲವನಿಗೆ, ಜಮೀನು ಮತ್ತು ಚಿನ್ನ ಇರುವವನಿಗೆ ಮೊದಲು ಸಿಗುತ್ತದೆ. ಒಂದೇ ಮೊತ್ತಕ್ಕೆ ಕಟ್ಟುಬಿದ್ದವನ ಪಾಲು ಮಾತ್ರ ವರ್ಷ ವರ್ಷ ಕರಗುತ್ತದೆ. ಯಾರೂ ಅವನ ಜೇಬಿಗೆ ಕೈ ಹಾಕಿಲ್ಲ. ಆದರೂ ಜೇಬಿನಲ್ಲಿದ್ದದ್ದು ಕಡಿಮೆಯಾಗಿದೆ.

ಇದು ಹೊಸ ಅನುಭವವಲ್ಲ. ಆರು ಶತಮಾನಗಳ ಹಿಂದೆ ಈಜಿಪ್ಟಿನಲ್ಲಿ ಅಲ್ ಮಕ್ರೀಝಿ ಎಂಬ ಇತಿಹಾಸಕಾರರಿದ್ದರು. ಕೈರೋ ಪೇಟೆಯ ಅಳತೆ, ತೂಕ, ಬೆಲೆಗಳನ್ನು ನೋಡಿಕೊಳ್ಳುವ ಮುಹ್ತಸಿಬ್ ಆಗಿಯೂ ಅವರು ಕೆಲಸ ಮಾಡಿದ್ದರು. ನೈಲ್ ನದಿಯ ನೀರು ಸಾಕಷ್ಟು ಏರದೆ ಬರ ಬಂದು ಬೆಲೆಗಳು ಆಕಾಶಕ್ಕೇರಿದ ಕಾಲದಲ್ಲಿ, 1405ರಲ್ಲಿ, ಅವರೊಂದು ಪುಸ್ತಕ ಬರೆದರು. ಬರವೊಂದೇ ಕಾರಣವಲ್ಲ ಎಂಬುದು ಅವರ ವಾದ. ಲಂಚ ಕೊಟ್ಟು ಪದವಿ ಪಡೆದ ಅಧಿಕಾರಿಗಳು, ಏರಿಸುತ್ತಲೇ ಹೋದ ಭೂಮಿಯ ಗೇಣಿ, ಬೆಳ್ಳಿ ನಾಣ್ಯ ಕಾಣೆಯಾಗಿ ಮಾರುಕಟ್ಟೆ ತುಂಬಿದ ತಾಮ್ರದ ನಾಣ್ಯ, ಈ ಮೂರನ್ನು ಅವರು ಹೆಸರಿಸುತ್ತಾರೆ. ಆಮೇಲೆ ಜನರನ್ನು ಏಳು ವರ್ಗಗಳಾಗಿ ಮಾಡಿ, ಯಾರ ಮೇಲೆ ಪೆಟ್ಟು ಹೇಗೆ ಬಿತ್ತು ಎಂದು ವಿವರಿಸುತ್ತಾರೆ. ದೊಡ್ಡ ವ್ಯಾಪಾರಿಗೆ ಲಾಭದ ನಾಣ್ಯಗಳ ಎಣಿಕೆ ಹೆಚ್ಚಾಯಿತು, ಆದರೆ ಅವುಗಳಿಗೆ ಸಿಗುವ ಸಾಮಾನು ಕಡಿಮೆಯಾಯಿತು. ನಿಗದಿತ ಭತ್ಯೆ ನಂಬಿ ಬದುಕುತ್ತಿದ್ದ ವಿದ್ವಾಂಸರು ಮತ್ತು ವಿದ್ಯಾರ್ಥಿಗಳ ಪಾಡಂತೂ ಹೇಳತೀರದು.

ಈಗ ಪ್ರವಾದಿವರ್ಯರ(ಸ) ಮದೀನಾಕ್ಕೆ ಬರೋಣ. ಅಲ್ಲಿಯೂ ಒಮ್ಮೆ ಬೆಲೆಗಳು ಏರಿದವು. ಬೆಲೆ ನಿಗದಿ ಮಾಡಿಕೊಡಿ ಎಂದು ಜನರು ಕೇಳಿಕೊಂಡರು. ಪ್ರವಾದಿ(ಸ) ಒಪ್ಪಲಿಲ್ಲ. ಬೆಲೆಯ ಏರಿಳಿತ ಅಲ್ಲಾಹನ ಕೈಯಲ್ಲಿದೆ, ಯಾರೊಬ್ಬನ ಪ್ರಾಣ ಅಥವಾ ಸೊತ್ತಿನ ಬಗ್ಗೆ ಅನ್ಯಾಯ ಮಾಡಿದ ಆರೋಪ ತನ್ನ ಮೇಲಿಲ್ಲದ ಸ್ಥಿತಿಯಲ್ಲಿ ಅಲ್ಲಾಹನನ್ನು ಭೇಟಿಯಾಗಲು ತಾನು ಬಯಸುತ್ತೇನೆ ಎಂಬರ್ಥದ ಮಾತನ್ನು ಅವರು ಹೇಳಿದ್ದನ್ನು ಅನಸ್(ರ) ವರದಿ ಮಾಡಿದ್ದಾರೆ. ಹಾಗೆಂದು ಪೇಟೆಯನ್ನು ಅದರ ಪಾಡಿಗೆ ಬಿಟ್ಟುಬಿಟ್ಟರೇ? ಇಲ್ಲ. ಬೆಲೆ ಏರಲೆಂದು ಆಹಾರವನ್ನು ದಾಸ್ತಾನಿಡುವವನು ಪಾಪಿ ಎಂದರು. ಪೇಟೆಯ ದರ ತಿಳಿಯದ ಹಳ್ಳಿಗನನ್ನು ಊರ ಹೊರಗೇ ತಡೆದು ಸರಕು ಕೊಳ್ಳುವುದನ್ನು ನಿಷೇಧಿಸಿದರು. ಮುಂದೆ ಇಬ್ನು ತೈಮಿಯ್ಯಾರಂಥ ವಿದ್ವಾಂಸರು ಇದನ್ನು ಬಿಡಿಸಿ ಹೇಳಿದರು. ಸರಕಿನ ಕೊರತೆಯಿಂದ ಸಹಜವಾಗಿ ಏರಿದ ಬೆಲೆಯನ್ನು ಬಲವಂತವಾಗಿ ಇಳಿಸಿದರೆ ಮಾರುವವನಿಗೆ ಅನ್ಯಾಯ. ಜನರ ಕಷ್ಟವನ್ನೇ ಬಂಡವಾಳ ಮಾಡಿಕೊಂಡು ಏರಿಸಿದ ಬೆಲೆಯನ್ನು ಸುಮ್ಮನೆ ಬಿಟ್ಟರೆ ಕೊಳ್ಳುವವನಿಗೆ ಅನ್ಯಾಯ. ಆಗ ಅಧಿಕಾರಿ ಮಧ್ಯೆ ಬರಬೇಕು.

ಪ್ರವಾದಿವರ್ಯರ(ಸ) ಚಿಂತೆ ಯಾವುದಾಗಿತ್ತು ಎಂಬುದನ್ನು ಗಮನಿಸಿರಿ. ಇನ್ನೊಬ್ಬರ ಹಕ್ಕು ತನ್ನ ಕೊರಳಿನಲ್ಲಿ ಉಳಿಯಬಾರದು ಎಂಬುದೇ ಅವರ ಚಿಂತೆ. ಬೆಲೆಯನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೊರಳಲ್ಲಿರುವ ಹಕ್ಕುಗಳನ್ನು ಇಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಹಝ್ರತ್ ಉಮರ್(ರ)ರ ಒಂದು ತೀರ್ಮಾನ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಕೊಲೆಯಾದವನ ಕುಟುಂಬಕ್ಕೆ ಕೊಡುವ ಪರಿಹಾರಕ್ಕೆ ದಿಯತ್ ಎನ್ನುತ್ತಾರೆ. ಅದು ನೂರು ಒಂಟೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಅದರ ಬೆಲೆ 800 ದೀನಾರ್ ಅಥವಾ 8,000 ದಿರ್ಹಮ್ ಆಗಿತ್ತು. ಉಮರ್(ರ)ರ ಕಾಲಕ್ಕೆ ಒಂಟೆಗಳು ತುಟ್ಟಿಯಾದವು. ಹಳೆಯ ಮೊತ್ತವನ್ನೇ ಕೊಟ್ಟರೆ ಸಂತ್ರಸ್ತ ಕುಟುಂಬಕ್ಕೆ ನೂರು ಒಂಟೆ ಸಿಗದು. ಆಗ ಉಮರ್(ರ) ಎದ್ದು ನಿಂತು ಖುತ್ಬಾ ಕೊಟ್ಟರು. ಒಂಟೆಗಳು ತುಟ್ಟಿಯಾಗಿವೆ ಎಂದು ಜನರಿಗೆ ತಿಳಿಸಿ, ಚಿನ್ನದಲ್ಲಿ ವ್ಯವಹರಿಸುವವರಿಗೆ 1,000 ದೀನಾರ್, ಬೆಳ್ಳಿಯಲ್ಲಿ ವ್ಯವಹರಿಸುವವರಿಗೆ 12,000 ದಿರ್ಹಮ್ ಎಂದು ನಿಗದಿಪಡಿಸಿದರು. ಇದು ಅಬೂದಾವೂದ್‌ನಲ್ಲಿದೆ. ಮೊತ್ತ ಬದಲಾಯಿತು, ಹಕ್ಕು ಬದಲಾಗಲಿಲ್ಲ. ಹಕ್ಕು ಹಾಗೆಯೇ ಉಳಿಯಬೇಕೆಂದೇ ಮೊತ್ತವನ್ನು ಬದಲಿಸಲಾಯಿತು. ಬೆಲೆಯೇರಿಕೆಯ ಮಾತನ್ನು ಮಿಂಬರ್‌ನಿಂದ ಆಡುವುದು ಇಂದು ನಾವು ಶುರು ಮಾಡಿದ ಪದ್ಧತಿಯಲ್ಲ.

ಇನ್ನು ನಮ್ಮ ಮನೆ, ಮಸೀದಿಗಳ ಕಡೆ ನೋಡೋಣ.

ಮೊದಲನೆಯದು ಸಂಬಳ. ಕಳೆದ ತಿಂಗಳು ವಾರ್ಷಿಕ ಮಹಾಸಭೆಗೆಂದು ನಮ್ಮ ಜಮಾಅತ್‌ನ ಲೆಕ್ಕದ ಪುಸ್ತಕ ನೋಡುತ್ತಿದ್ದೆವು. 2019ರಲ್ಲಿ ಮುಅಝ್ಝಿನರ ಸಂಬಳ 12,000 ರೂಪಾಯಿ. 2025ರಲ್ಲೂ 12,000. ಈ ನಡುವೆ ಸರಕಾರದ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು ಮೂರನೇ ಒಂದರಷ್ಟು ಏರಿದೆ. ಅಂದರೆ ಇಂದಿನ 12,000ಕ್ಕೆ ಅಂದಿನ 9,000ದಷ್ಟೇ ಸಾಮಾನು ಬರುತ್ತದೆ. ನಾವು ಸಭೆ ಸೇರಿ ಅವರ ಸಂಬಳದಿಂದ ತಿಂಗಳಿಗೆ 3,000 ಕಡಿತ ಮಾಡೋಣ ಎಂದು ಠರಾವು ಮಾಡಿದ್ದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಠರಾವು ಇಲ್ಲದೆಯೇ ಅದು ನಡೆದುಹೋಗಿದೆ. ಅದೇ ಪುಸ್ತಕದಲ್ಲಿ ವಿದ್ಯುತ್ ಬಿಲ್ಲು ಏರಿದೆ, ಬಣ್ಣದ ಖರ್ಚು ಏರಿದೆ, ಅವನ್ನು ಚಕಾರವೆತ್ತದೆ ಪಾವತಿಸಿದ್ದೇವೆ. ಬಿಲ್ಲು ಬಂದರೆ ಕಟ್ಟಲೇಬೇಕು. ಮುಅಝ್ಝಿನ್ ಬಿಲ್ಲು ಕಳುಹಿಸುವುದಿಲ್ಲ.

ಅವರು ಕೇಳಲೇ ಇಲ್ಲವಲ್ಲ ಎಂದು ಒಬ್ಬರು ಹೇಳಿದರು. ಸಹೋದರರೇ, ಸೂರಃ ಅಲ್ ಬಕರಃದಲ್ಲಿ ಅಲ್ಲಾಹನು ಕೆಲವರ ಗುಣವನ್ನು ವಿವರಿಸುತ್ತಾನೆ. ಅವರು ಸ್ವಾಭಿಮಾನದಿಂದ ಕೈಚಾಚುವುದಿಲ್ಲ. ತಿಳಿಯದವರು ಅವರನ್ನು ಸ್ಥಿತಿವಂತರೆಂದು ಭಾವಿಸುತ್ತಾರೆ. ಕೇಳದಿರುವುದು ಅವರ ಸ್ವಾಭಿಮಾನ. ಅದನ್ನು ನಮ್ಮ ಉಳಿತಾಯ ಮಾಡಿಕೊಳ್ಳಬಹುದೇ? ಸರಕಾರಿ ನೌಕರರಿಗೆ ತುಟ್ಟಿಭತ್ಯೆ ಇದೆ, ಬೆಲೆ ಸೂಚ್ಯಂಕ ಏರಿದಂತೆ ಅದೂ ಏರುತ್ತದೆ. ನಮ್ಮ ಮಸೀದಿಯ ಮುಅಝ್ಝಿನರಿಗೆ, ಮದ್ರಸಾದ ಉಸ್ತಾದರಿಗೆ, ಮನೆಗೆಲಸಕ್ಕೆ ಬರುವ ತಾಯಿಗೆ, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಯಾವ ತುಟ್ಟಿಭತ್ಯೆ ಇದೆ? ಪ್ರತಿ ವರ್ಷ ರಮಝಾನಿಗೆ ಮುನ್ನ ಅವರ ಸಂಬಳವನ್ನು ಪರಿಶೀಲಿಸುತ್ತೇವೆ ಎಂದು ನಮ್ಮ ಸಮಿತಿ ಈಗ ತೀರ್ಮಾನಿಸಿದೆ. ಹಿಂದಿನ ಆರು ವರ್ಷಗಳಿಗೆ ಅವರಲ್ಲಿ ಕ್ಷಮೆ ಕೇಳಬೇಕಾಗಿದೆ. ಕೇಳಿದ್ದೇವೆ.

ಎರಡನೆಯದು ಮಹ್ರ್. ಮದುವೆಯ ದಿನ ಬಾಕಿ ಎಂದು ಬರೆಸಿದ ಮಹ್ರ್ ಪತಿಯ ಮೇಲಿನ ಸಾಲ. 1990ರಲ್ಲಿ 5,000 ರೂಪಾಯಿ ಬಾಕಿ ಬರೆಸಿದವರು ನಮ್ಮಲ್ಲಿ ಇದ್ದಾರೆ. ಆಗ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 3,200 ರೂಪಾಯಿ ಇತ್ತು. ಆ ಹಣಕ್ಕೆ ಎರಡು ಪವನಿಗೆ ತುಸು ಕಡಿಮೆ ಚಿನ್ನ ಬರುತ್ತಿತ್ತು. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ದಾಟಿತು. ಅದೇ 5,000ಕ್ಕೆ ಈಗ ಅರ್ಧ ಗ್ರಾಂ ಕೂಡ ಬರುವುದಿಲ್ಲ. ಮೂವತ್ತೈದು ವರ್ಷ ತಡಮಾಡಿ ಈಗ ಆ ನೋಟುಗಳನ್ನು ಪತ್ನಿಯ ಕೈಗಿಟ್ಟರೆ, ಲೆಕ್ಕದ ಪ್ರಕಾರ ಬಾಕಿ ತೀರಬಹುದು. ಆದರೆ ಅಲ್ಲಾಹನು ನಮ್ಮಿಂದ ನ್ಯಾಯವನ್ನಷ್ಟೇ ಕೇಳಿಲ್ಲ, ಅದರ ಜೊತೆಗೆ ಇಹ್ಸಾನ್ ಅನ್ನೂ ಕೇಳಿದ್ದಾನೆ. ಬಾಕಿ ಇದ್ದವರು ಇಂದೇ ತೀರಿಸಿರಿ. ತಡಮಾಡಿದ್ದಕ್ಕೆ ತಕ್ಕಂತೆ ಮನಸ್ಸಂತೋಷದಿಂದ ಹೆಚ್ಚಿಗೆ ಕೊಡಿರಿ. ಇನ್ನು ಮುಂದೆ ಮದುವೆ ಮಾತುಕತೆಗೆ ಕೂರುವ ಹಿರಿಯರು ಬಾಕಿಯಿಡದೆ ಆಗಲೇ ಕೊಡಿಸಲಿ, ಬಾಕಿ ಇಡಲೇಬೇಕೆಂದಾದರೆ ಚಿನ್ನದ ತೂಕದಲ್ಲಿ ಬರೆಸಲಿ.

ಇದರ ಜೊತೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಗಲ್ಫ್ ವೀಸಾಕ್ಕೆ ಹಣ ಹೊಂದಿಸಿದ್ದು ಹೆಂಡತಿಯ ಬಳೆ. ಅಂಗಡಿಯ ಮುಂಗಡಕ್ಕೆ ಹೋದದ್ದು ಹೆಂಡತಿಯ ಸರ. ಅವಳು ಉಡುಗೊರೆಯಾಗಿ ಕೊಟ್ಟಿದ್ದರೆ ಅದು ಅವಳ ಔದಾರ್ಯ. ಮರಳಿಸುತ್ತೇನೆ ಎಂದು ಹೇಳಿ ಪಡೆದಿದ್ದರೆ ಅದು ಸಾಲ, ಅದೂ ಚಿನ್ನದ ಸಾಲ. ಮರಳಿಸಬೇಕಾದ್ದು ಅಷ್ಟೇ ತೂಕದ ಚಿನ್ನ. ಅಂದು ಮಾರಿದಾಗ ಬಂದ ರೂಪಾಯಿಯ ಲೆಕ್ಕ ಹೇಳಿ ನುಣುಚಿಕೊಳ್ಳಬೇಡಿ. ನಿನಗೆ ಈಗ ಅದೇಕೆ ಎಂದು ಕೇಳಲೂ ಬೇಡಿ.

ಮೂರನೆಯದು ಕೈಸಾಲ. ರೂಪಾಯಿ ಕರಗಿತೆಂದು ಸಾಲ ಕೊಟ್ಟವನು ಹೆಚ್ಚಿಗೆ ಕೇಳುವಂತಿಲ್ಲ. ಮೊದಲೇ ಷರತ್ತು ಹಾಕುವ ಹೆಚ್ಚಳ ಬಡ್ಡಿಯ ಬಾಗಿಲು ತೆರೆಯುತ್ತದೆ. ಸಾಲವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕುವಂತಿಲ್ಲ, ಪಡೆದ ಮೊತ್ತವನ್ನೇ ಮರಳಿಸಬೇಕು ಎಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1988ರಲ್ಲಿ ಕುವೈತ್‌ನಲ್ಲಿ ಸೇರಿ ನಿರ್ಣಯಿಸಿದೆ. ಆದರೆ ಸಾಲ ಪಡೆದವನು ಇದನ್ನು ತನ್ನ ಲಾಭಕ್ಕೆ ಬಳಸಿಕೊಳ್ಳಬಾರದು. ಐದು ವರ್ಷ ಎಳೆದರೆ ಎಳೆದಷ್ಟೂ ಸಾಲ ಹಗುರವಾಗುತ್ತದೆ. ಆ ಹಗುರವಾದ ಭಾರ ಬೀಳುವುದು ಬಡ್ಡಿಯಿಲ್ಲದೆ ಕೊಟ್ಟು ಉಪಕಾರ ಮಾಡಿದವನ ಹೆಗಲಿಗೆ. ತೀರಿಸುವ ಶಕ್ತಿಯಿದ್ದೂ ಎಳೆಯುವುದು ಅಕ್ರಮ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಅವರು ಒಮ್ಮೆ ಎಳೆಯ ಒಂಟೆಯೊಂದನ್ನು ಸಾಲ ಪಡೆದಿದ್ದರು. ಮರಳಿಸುವಾಗ ಅದಕ್ಕಿಂತ ಉತ್ತಮವಾದ, ಬೆಳೆದ ಒಂಟೆಯನ್ನು ಕೊಡಿಸಿದರು. ಷರತ್ತಿಲ್ಲದೆ, ಸ್ವಂತ ಇಚ್ಛೆಯಿಂದ ಕೊಡುವ ಹೆಚ್ಚಳ ಸುನ್ನತ್.

ವ್ಯಾಪಾರಿ ಸಹೋದರರಿಗೂ ಒಂದು ಮಾತು. ನಿಮ್ಮ ಖರೀದಿ ತುಟ್ಟಿಯಾದರೆ ಬೆಲೆ ಏರಿಸಿರಿ, ಅದು ನಿಮ್ಮ ಹಕ್ಕು. ಬೆಲೆಯನ್ನು ಹಾಗೆಯೇ ಇಟ್ಟು ತೂಕದಲ್ಲಿ ಕದಿಯಬೇಡಿ. ಶುಐಬ್(ಅ)ರು ಜನರ ವಸ್ತುಗಳಲ್ಲಿ ಕಡಿತ ಮಾಡಬೇಡಿರೆಂದು ತಮ್ಮ ಜನಾಂಗವನ್ನು ಎಚ್ಚರಿಸಿದರು. ಆ ಜನಾಂಗ ಕೇಳಲಿಲ್ಲ. ಅವರ ಗತಿಯೇನಾಯಿತೆಂದು ಕುರ್‌ಆನ್ ನಮಗೆ ತಿಳಿಸಿದೆ.

ಸಹೋದರ ಸಹೋದರಿಯರೇ, ಇಂದು ರಾತ್ರಿ ಮನೆಯಲ್ಲಿ ಕುಳಿತು ಒಂದು ಕಾಗದ ತೆಗೆದುಕೊಳ್ಳಿರಿ. ನಮಗೆ ಯಾರು ಯಾರು ಕೊಡಬೇಕು ಎಂಬ ಪಟ್ಟಿ ನಮ್ಮೆಲ್ಲರ ನೆನಪಿನಲ್ಲಿ ಇದೆ, ಅದನ್ನು ಬರೆಯಬೇಕಾಗಿಲ್ಲ. ನಾವು ಯಾರಿಗೆ ಕೊಡಬೇಕು, ಯಾವ ವರ್ಷ ಎಷ್ಟು ಎಂದು ನಿಗದಿಯಾಗಿತ್ತು, ಅದರ ಬೆಲೆ ಈಗ ಎಷ್ಟಕ್ಕೆ ಇಳಿದಿದೆ ಎಂದು ಬರೆಯಿರಿ. ಗಂಡ ಹೆಂಡತಿ ಜೊತೆಗೂಡಿ ಬರೆಯಿರಿ. ಬೆಳೆದ ಮಕ್ಕಳಿಗೂ ತೋರಿಸಿರಿ, ನಾಳೆ ನಾವಿಲ್ಲದಿದ್ದರೂ ಅದು ತೀರಬೇಕು.

ಅಲ್ಲಾಹನೇ, ನಮ್ಮ ಆದಾಯದಲ್ಲಿ ಬರಕತ್ ನೀಡು. ಕಷ್ಟದಲ್ಲಿರುವ ಕುಟುಂಬಗಳ ಭಾರವನ್ನು ಹಗುರಗೊಳಿಸು. ಯಾರ ಹಕ್ಕೂ ನಮ್ಮ ಕೊರಳಿನಲ್ಲಿ ಉಳಿಯದ ಸ್ಥಿತಿಯಲ್ಲಿ ನಿನ್ನನ್ನು ಭೇಟಿಯಾಗುವ ಭಾಗ್ಯವನ್ನು ನಮಗೆ ಕರುಣಿಸು. ಆಮೀನ್.