ಹುಣಸೆ ಬೀಜದ ಕೆರೆ



ರಜೆ ಬಂತೆಂದರೆ ಮಕ್ಕಳ ಕೈಗೆ ಏನಾದರೊಂದು ಕೆಲಸ ಕೊಡುವುದು ಹೇಗೆಂಬ ಚಿಂತೆ ನಿಮಗೂ ಇರುತ್ತದೆ. ಈ ಸಲ ಅಂಗಡಿಯಿಂದ ಆಟ ತಂದು ಕೊಡುವ ಬದಲು, ಆಟವೊಂದನ್ನು ತಯಾರಿಸಲು ಹೇಳಿ ನೋಡಿ. ವಿಷಯ ನೀರಾಗಿರಲಿ. ಒಂದು ರಟ್ಟು, ನಾಲ್ಕು ಕವಡೆ, ಒಂದು ಬಟ್ಟಲು, 40 ಹುಣಸೆ ಬೀಜ ಇದ್ದರೆ ಸಾಕು.

ಮಕ್ಕಳು ಮೊದಲು ಮಾಡುವುದು ಹಾವು ಏಣಿಯ ಆಟವನ್ನೇ. ನಲ್ಲಿ ಮುಚ್ಚಿದರೆ ಏಣಿ, ಪೈಪಿನಿಂದ ಕಾರು ತೊಳೆದರೆ ಹಾವು. ನಮ್ಮ ಸೊಸೈಟಿಯ ಮಕ್ಕಳೂ ಹಾಗೇ ಮಾಡಿದ್ದರು. ಚಿತ್ರಗಳು ಚೆನ್ನಾಗಿದ್ದವು. ಎರಡು ಸಲ ಆಡಿದ ಮೇಲೆ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ನಾನು ನಲ್ಲಿ ಮುಚ್ಚಿದ್ದೆಲ್ಲಿ? ಗರ ಬಿತ್ತು, ಏಣಿ ಸಿಕ್ಕಿತು, ಅಷ್ಟೇ." ಅವಳ ಮಾತು ಸರಿ. ಆಡುವವರ ತೀರ್ಮಾನಕ್ಕೆ ಜಾಗವೇ ಇಲ್ಲದ ಕಡೆ ನೀತಿವಾಕ್ಯ ಎಷ್ಟು ಬರೆದರೂ ಅದು ಮನಸ್ಸಿಗೆ ಇಳಿಯುವುದಿಲ್ಲ. ಆಟ ಏನನ್ನಾದರೂ ಕಲಿಸುವುದಿದ್ದರೆ ಅದು ನಿಯಮಗಳ ಮೂಲಕ.

ಇದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಅಮೆರಿಕದ ಲಿಜ್ಜಿ ಮ್ಯಾಗಿ ಎಂಬ ಮಹಿಳೆ 1904ರಲ್ಲಿ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಆಟಕ್ಕೆ ಪೇಟೆಂಟ್ ಪಡೆದರು. ಭೂಮಿಯೆಲ್ಲ ಕೆಲವರ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಸಂಪತ್ತು ಹೆಚ್ಚಿದಾಗ ಎಲ್ಲರಿಗೂ ಪಾಲು ಸಿಗುವ ನಿಯಮಗಳನ್ನೂ ಅವರು ರಚಿಸಿದ್ದರು. ಆದರೆ ಅದೇ ಆಟದಿಂದ ಬೆಳೆದು 1935ರಿಂದ 'ಮೊನಾಪಲಿ' ಎಂಬ ಹೆಸರಿನಲ್ಲಿ ಮಾರಾಟವಾದದ್ದರಲ್ಲಿ, ಎದುರಾಳಿಗಳನ್ನು ದಿವಾಳಿ ಎಬ್ಬಿಸುವ ನಿಯಮ ಮಾತ್ರ ಉಳಿಯಿತು. ಪಟ ಹೆಚ್ಚುಕಡಿಮೆ ಅದೇ, ಪಾಠ ಮಾತ್ರ ತಿರುಗುಮುರುಗಾಯಿತು.

ಹಾಗಾಗಿ ನಾವು ನಮ್ಮ ಅಜ್ಜಿಯಂದಿರ ಚೌಕಾಬಾರದ ಪಟವನ್ನೇ ತೆಗೆದುಕೊಂಡು ನಿಯಮಗಳನ್ನು ಬದಲಾಯಿಸೋಣ. ಐದು ಸಾಲು, ಸಾಲಿಗೆ ಐದು ಮನೆ. ನಾಲ್ವರು ಆಟಗಾರರು, ತಲಾ ಒಂದೇ ಕಾಯಿ. ನಡುವಿನ ಮನೆ ಸೇರಬೇಕು, ಅದಕ್ಕೆ ಲೆಕ್ಕಕ್ಕೆ ಸರಿಯಾದ ಗರವೇ ಬೀಳಬೇಕೆಂದಿಲ್ಲ. ಎದುರಾಳಿಯ ಕಾಯಿ ಕಡಿಯುವುದು ಬೇಡ. ಪಕ್ಕದ ಬಟ್ಟಲಲ್ಲಿರುವ 40 ಬೀಜಗಳೇ ಎಲ್ಲರಿಗೂ ಸೇರಿದ ಕೆರೆ.

ಪ್ರತಿ ಸರದಿಗೂ ಕೆರೆಯಿಂದ ಒಂದು ಬೀಜ ತೆಗೆಯಲೇಬೇಕು. ನೀರಿಲ್ಲದೆ ದಿನ ಕಳೆಯುವುದಿಲ್ಲವಲ್ಲ! ಒಂದು ತೆಗೆದರೆ ಗರ ಬಿದ್ದಷ್ಟು ಮನೆ ನಡೆಯಬಹುದು. ಎರಡು ತೆಗೆದರೆ ಒಂದು ಮನೆ ಹೆಚ್ಚು. ತೆಗೆದ ಬೀಜ ಡಬ್ಬಿಗೆ ಹೋಗುತ್ತದೆ. ನಾಲ್ಕೂ ಕವಡೆ ಬೋರಲು ಬಿದ್ದು ಎಂಟು ಬಂದರೆ ಮಳೆ ಬಂದಂತೆ. ಡಬ್ಬಿಯಿಂದ ಆರು ಬೀಜ ಮತ್ತೆ ಕೆರೆಗೆ. ಮೊದಲು ನಡುಮನೆ ಸೇರಿದವರಿಗೆ ಗೆಲುವು. ಆದರೆ ನಾಲ್ವರೂ ಸೇರುವ ಮುನ್ನ ಕೆರೆ ಬತ್ತಿದರೆ ಯಾರಿಗೂ ಗೆಲುವಿಲ್ಲ.

ಎಲ್ಲರೂ ಎರಡೆರಡು ತೆಗೆಯುತ್ತಾ ಹೋದರೆ ಕೆರೆ ಸಾಮಾನ್ಯವಾಗಿ ಕೊನೆಯವರೆಗೆ ಬಾಳುವುದಿಲ್ಲ. ಒಂದೊಂದಕ್ಕೇ ತೃಪ್ತರಾದರೆ ಬಾಳುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಡಿ. ಕೆರೆ ಒಮ್ಮೆ ಬತ್ತಲಿ. "ನೀನು ಎರಡೆರಡು ತಗೊಂಡಿದ್ದಕ್ಕೇ ಹೀಗಾಯ್ತು" ಎಂಬ ಜಗಳವೂ ನಡೆಯಲಿ. ಆ ಜಗಳದಿಂದಲೇ ಹೊಸ ನಿಯಮ ಹುಟ್ಟುತ್ತದೆ. ಊರಿನ ಕೆರೆ, ಕಾಡು, ಗೋಮಾಳಗಳಂಥ ಸಾಮೂಹಿಕ ಸಂಪತ್ತನ್ನು ಬಳಸುವ ಜನರೇ ಕೂತು ನಿಯಮ ಮಾಡಿ ಕಾಪಾಡಿಕೊಳ್ಳಬಲ್ಲರು ಎಂದು ತೋರಿಸಿದ ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಮಕ್ಕಳು ಚಾಪೆಯ ಮೇಲೆ ಕೂತು ಮಾಡುವುದೂ ಅದೇ ಕೆಲಸ.

ಇನ್ನು ಕೆರೆಗೆ ಹೆಸರಿಡಬೇಕು. ಮುಂಬಯಿಗೆ ನೀರು ಬರುವುದು ಏಳು ಜಲಾಶಯಗಳಿಂದ. ವಿಹಾರ್ 1860ರದು, ತುಳಸಿ 1879ರದು, ತಾನಸಾ 1892ರದು. ಆಮೇಲಿನವು ಮೋಡಕ್ ಸಾಗರ, ಮೇಲಿನ ವೈತರಣಾ, ಭಾತ್ಸಾ ಮತ್ತು ಮಧ್ಯ ವೈತರಣಾ. ವಿಹಾರ್, ತುಳಸಿ ಎರಡು ಮಾತ್ರ ನಗರದೊಳಗಿವೆ. ಉಳಿದವು ಠಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳ ಬೆಟ್ಟಗಳಲ್ಲಿವೆ. ದಿನಕ್ಕೆ 380 ಕೋಟಿ ಲೀಟರಿಗೂ ಹೆಚ್ಚು ನೀರು ನಗರಕ್ಕೆ ಹರಿದು ಬರುತ್ತದೆ. ನಲ್ಲಿ ತಿರುಗಿಸುವ ಮಗುವಿಗೆ ಇದರ ಸುಳಿವೂ ಇರುವುದಿಲ್ಲ. ಪುಣೆಯ ಮಕ್ಕಳು ಖಡಕ್‌ವಾಸ್ಲಾ ಎನ್ನಲಿ, ಹೈದರಾಬಾದಿನವರು ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಮಂಜೀರಾ ಎನ್ನಲಿ.

ಬಳಕೆಯ ಲೆಕ್ಕವನ್ನೂ ಮಕ್ಕಳೇ ಮನೆಯಲ್ಲಿ ಅಳೆಯಲಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಪಾತ್ರೆಯಿಟ್ಟು, ಗಂಟೆಗೆ ಅರ್ಧ ಲೀಟರ್ ಸೇರಿದರೆ ದಿನಕ್ಕೆ 12 ಲೀಟರ್. ಹತ್ತು ಸೆಕೆಂಡಿಗೆ ಒಂದು ಲೀಟರ್ ಸುರಿಯುವ ನಲ್ಲಿಯನ್ನು ಹಲ್ಲುಜ್ಜುವ ಎರಡು ನಿಮಿಷ ತೆರೆದಿಟ್ಟರೂ 12 ಲೀಟರ್. ಅಳೆದು ಬಂದು, ನಲ್ಲಿ ರಿಪೇರಿ ಮಾಡಿಸಿದ ಮಗುವಿಗೆ ಒಂದು ಬೀಜ ಕೆರೆಗೆ ಹಾಕುವ ಹಕ್ಕು ಇರಲಿ.

ಕೊನೆಯದಾಗಿ, ನಾಲ್ವರಲ್ಲಿ ಒಬ್ಬರು ಜಲಾಶಯದ ಪಕ್ಕದ ಹಳ್ಳಿಯವರಾಗಲಿ, ಅವರ ಸರದಿ ಯಾವಾಗಲೂ ಕೊನೆಗೆ ಬರಲಿ. ಇದು ಕಲ್ಪನೆಯಲ್ಲ. ತಾನಸಾ, ಭಾತ್ಸಾ ಇರುವ ಶಹಾಪುರ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ. ಕೆರೆ ಬತ್ತುವ ಸುತ್ತಿನಲ್ಲಿ ಬೀಜ ಸಿಗದೆ ಮೊದಲು ಬರಿಗೈಯಾಗುವುದು ಸಾಮಾನ್ಯವಾಗಿ ಆ ಹಳ್ಳಿಯ ಕಾಯಿಯೇ. ಆಗ ಯಾವುದಾದರೊಂದು ಮಗು "ಇದು ಮೋಸ" ಎನ್ನುತ್ತದೆ. ಸರದಿಯನ್ನು ಬದಲಿಸಬೇಕೋ, ಹಳ್ಳಿಗೆಂದು ನಾಲ್ಕು ಬೀಜ ಮೊದಲೇ ಎತ್ತಿಡಬೇಕೋ ಅವರೇ ನಿರ್ಧರಿಸಲಿ. ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ನಡುವೆ ಬಾಯಿ ಹಾಕಬೇಡಿ.