ವಾಯು ಅಂತ ಸುಮ್ಮನಿರಬೇಡಿ: ಕೀಲಿನ ಉರಿಯೂತ ಮತ್ತು ಟಿಎನ್‌ಎಫ್

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನದ ಆರೋಗ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ಕೀಲುರೋಗ ತಜ್ಞರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹಬ್ಬದಲ್ಲಿ ಮಾತಾಡಲು ಕರೆದದ್ದಕ್ಕೆ ಸಮಿತಿಯವರಿಗೆ ಕೃತಜ್ಞತೆ. "ಜನಕ್ಕೆ ಉಪಯೋಗವಾಗುವ ಹಾಗೆ ಅರ್ಧ ಗಂಟೆ ಮಾತಾಡಿ" ಎಂದು ಹೇಳಿದ್ದಾರೆ. ಹಾಗಾಗಿ ದಿನವೂ ನನ್ನ ಮುಂದೆ ಬಂದು ಕೂರುವ ರೋಗದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಹಳ್ಳಿಗಳಿಂದ ಬರುವ ಕೀಲುರೋಗಿಗಳಲ್ಲಿ ಬಹಳ ಮಂದಿ ತಡವಾಗಿ ಬರುತ್ತಾರೆ. ಬೆರಳು ಸೊಟ್ಟಗಾದ ಮೇಲೆ, ಮುಷ್ಟಿ ಕಟ್ಟಲು ಆಗದ ಮೇಲೆ ಬರುತ್ತಾರೆ. ಎಷ್ಟು ದಿನದಿಂದ ಅಂತ ಕೇಳಿದರೆ "ಎರಡು ಮೂರು ವರ್ಷ ಆಯ್ತು ಸಾರ್, ವಾಯು ಅಂತ ಸುಮ್ಮನಿದ್ದೆ" ಎನ್ನುತ್ತಾರೆ. ಆ ವರ್ಷಗಳಲ್ಲಿ ಕೀಲಿನ ಒಳಗೆ ಏನು ನಡೆಯುತ್ತದೆ, ಅದನ್ನು ತಡೆಯಲು ಈಗ ಏನೇನಿದೆ ಎಂಬುದನ್ನು ಹೇಳುತ್ತೇನೆ.

ನಮ್ಮಲ್ಲಿ ಕೀಲು ನೋವಿಗೆಲ್ಲ ವಾಯು ಎಂಬ ಒಂದೇ ಹೆಸರು. ನೋವುಗಳು ಮಾತ್ರ ಬೇರೆ ಬೇರೆ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಒಂದು. ಬಯಲುಸೀಮೆಯ ಕೆಲವು ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬರುವ ಮೂಳೆ ನೋವು ಇನ್ನೊಂದು. 2006ರಲ್ಲಿ ನಮ್ಮ ರಾಜ್ಯವನ್ನು ಮಲಗಿಸಿದ ಚಿಕುನ್‌ಗುನ್ಯ ಹಿರಿಯರಿಗೆ ನೆನಪಿರಬೇಕು; ಜ್ವರ ಬಿಟ್ಟರೂ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಕೈಕಾಲು ನೋವು ಬಿಡಲಿಲ್ಲ. ಇವತ್ತು ನಾನು ಹೇಳಹೊರಟಿರುವುದು ಇವುಗಳಲ್ಲಿ ಯಾವುದೂ ಅಲ್ಲದ, ಉರಿಯೂತದ ಕೀಲುರೋಗ.

ಇದನ್ನು ಗುರುತಿಸುವುದು ಕಷ್ಟವಲ್ಲ. ಸವೆತದ ನೋವು ಕೆಲಸ ಮಾಡಿದಷ್ಟೂ ಹೆಚ್ಚು, ಕೂತರೆ ಕಡಿಮೆ. ಉರಿಯೂತದ ನೋವು ಇದಕ್ಕೆ ತಿರುಗುಮುರುಗು. ಬೆಳಗ್ಗೆ ಎದ್ದಾಗ ಕೈ ಬಿಗಿದುಕೊಂಡಿರುತ್ತದೆ. ಹಾಲು ಕರೆಯಲು, ಹಿಟ್ಟು ನಾದಲು, ಕೊಡದ ಕಂಠ ಹಿಡಿಯಲು ಆಗುವುದಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಸಡಿಲಾಗುತ್ತದೆ. ಬೆರಳ ಗೆಣ್ಣು, ಮಣಿಕಟ್ಟು ಊದಿಕೊಳ್ಳುತ್ತವೆ, ಸಾಮಾನ್ಯವಾಗಿ ಎರಡೂ ಕೈಗಳಲ್ಲಿ. ಜೊತೆಗೆ ಸುಸ್ತು, ಹಸಿವು ಕಡಿಮೆ, ರಕ್ತ ಕಡಿಮೆ. ಇದು ರುಮಟಾಯ್ಡ್ ಆರ್ಥ್ರೈಟಿಸ್. ದೆಹಲಿ ಹತ್ತಿರದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಶೇಕಡ 0.75ರಷ್ಟು ಜನಕ್ಕೆ ಈ ರೋಗವಿತ್ತು. ಆ ಲೆಕ್ಕದಲ್ಲಿ ಸಾವಿರ ವಯಸ್ಕರಿರುವ ಊರಲ್ಲಿ ಏಳೆಂಟು ಮಂದಿ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು.

ಇದರ ದಾಯಾದಿಗಳು ಇನ್ನೆರಡಿವೆ. ಇಪ್ಪತ್ತು, ಇಪ್ಪತ್ತೈದರ ಹುಡುಗರಿಗೆ ಸೊಂಟ ಹಿಡಿದುಕೊಳ್ಳುತ್ತದೆ. ರಾತ್ರಿ ಎರಡನೇ ಜಾವದಲ್ಲಿ ನೋವಿಗೆ ಎಚ್ಚರವಾಗುತ್ತದೆ, ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ. ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಎಷ್ಟೋ ಹುಡುಗರು ಇದನ್ನು ಡಿಸ್ಕ್ ಜಾರಿದೆ ಎಂದುಕೊಂಡು ವರ್ಷಗಟ್ಟಲೆ ಬೆಲ್ಟ್ ಕಟ್ಟಿಕೊಂಡು ತಿರುಗುತ್ತಾರೆ. ಚಿಕಿತ್ಸೆ ಇಲ್ಲದೆ ಹೋದರೆ ಕೆಲವರ ಬೆನ್ನುಮೂಳೆ ಬಿದಿರಿನ ಹಾಗೆ ಒಂದೇ ಆಗಿ ಬಗ್ಗದಂತಾಗುತ್ತದೆ. ಮೂರನೆಯದು, ಸೋರಿಯಾಸಿಸ್ ಎಂಬ ಚರ್ಮರೋಗ ಇರುವವರಲ್ಲಿ ಕೆಲವರಿಗೆ ಬರುವ ಕೀಲುರೋಗ.

ಮೂರೂ ಬೇರೆ ಬೇರೆ ರೋಗಗಳು. ಆದರೆ ಮೂರರಲ್ಲೂ ಒಂದೇ ಪ್ರೋಟೀನಿನ ಕೈವಾಡವಿದೆ. ಅದರ ಹೆಸರು ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಚಿಕ್ಕದಾಗಿ ಟಿಎನ್‌ಎಫ್.

ರಾತ್ರಿ ಹೊತ್ತು ಬಣವೆಗೆ ಬೆಂಕಿ ಬಿದ್ದರೆ ಮೊದಲು ಕಂಡವನು ಕೂಗು ಹಾಕುತ್ತಾನೆ. ಊರೇ ಎದ್ದು ಕೊಡ, ಬಿಂದಿಗೆ ಹಿಡಿದು ಓಡುತ್ತದೆ. ನಮ್ಮ ಮೈಯಲ್ಲಿ ಆ ಕೂಗೇ ಟಿಎನ್‌ಎಫ್. ರೋಗಾಣು ಒಳಗೆ ಬಂದಾಗ ಮ್ಯಾಕ್ರೋಫೇಜ್ ಎಂಬ ಕಾವಲು ಕಣಗಳು ಅದನ್ನು ಸುರಿಸುತ್ತವೆ. ಅದು ಮುಟ್ಟಿದ ಕಡೆ ರಕ್ತನಾಳದ ಒಳಮೈ ಅಂಟಂಟಾಗುತ್ತದೆ. ಹರಿದು ಹೋಗುತ್ತಿದ್ದ ಬಿಳಿ ರಕ್ತಕಣಗಳು ಅಲ್ಲಿ ನಿಂತು ಒಳಗೆ ನುಗ್ಗುತ್ತವೆ. ಜಾಗ ಕೆಂಪಾಗಿ, ಬಿಸಿಯಾಗಿ, ಊದಿ ನೋಯುತ್ತದೆ. ಗಾಯ ಮಾಯಬೇಕಾದರೆ ಇದು ಬೇಕು. ಬೆಂಕಿ ಆರಿದ ಮೇಲೆ ಕೂಗು ನಿಲ್ಲಬೇಕು, ಅಷ್ಟೆ.

ರುಮಟಾಯ್ಡ್ ರೋಗದಲ್ಲಿ ಕೂಗು ನಿಲ್ಲುವುದಿಲ್ಲ. ಕೀಲಿನ ಒಳಪೊರೆ ದಪ್ಪವಾಗಿ ಬೆಳೆಯುತ್ತದೆ. ಅಲ್ಲಿನ ಕಣಗಳು ಟಿಎನ್‌ಎಫ್‌ನ ಪ್ರಚೋದನೆಯಿಂದ ಮೃದ್ವಸ್ಥಿಯನ್ನು, ಅಂದರೆ ಮೂಳೆಯ ತುದಿಗೆ ಮೆತ್ತೆಯಂತಿರುವ ನುಣುಪಾದ ಪದರವನ್ನು, ಕರಗಿಸುವ ಕಿಣ್ವಗಳನ್ನು ಬಿಡುತ್ತವೆ. ಮೂಳೆ ತಿನ್ನುವ ಕಣಗಳೂ ಚುರುಕಾಗುತ್ತವೆ. ಬೆಂಕಿ ಆರಿಸಲು ಬಂದವರು ಮನೆಯ ತೊಲೆ ಕಂಬಗಳನ್ನೇ ಕಿತ್ತ ಹಾಗೆ. ಮೂಳೆ ಹೀಗೆ ತಿಂದುಹೋಗುವುದು ಬಹಳ ಜನರಲ್ಲಿ ಮೊದಲ ಎರಡು ವರ್ಷದೊಳಗೇ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುತ್ತದೆ. ಹೋದ ಮೂಳೆಯನ್ನು ಯಾವ ಔಷಧಿಯೂ ಮೊದಲಿನಂತೆ ಕಟ್ಟಿಕೊಡುವುದಿಲ್ಲ. ಆದ್ದರಿಂದಲೇ ಬೇಗ ಬನ್ನಿ ಎಂದು ನಾವು ಪದೇ ಪದೇ ಹೇಳುವುದು.

ಇಲ್ಲಿ ವಿಜ್ಞಾನ ಓದುವ ಮಕ್ಕಳಿದ್ದೀರಿ. ಈ ಪ್ರೋಟೀನ್ ಸಿಕ್ಕಿದ ಕಥೆ ನಿಮಗಾಗಿ ಹೇಳುತ್ತೇನೆ. ಅದನ್ನು ಹುಡುಕಿದವರು ಕೀಲುರೋಗದವರಲ್ಲ, ಕ್ಯಾನ್ಸರ್‌ನವರು. 1890ರ ದಶಕದಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಎಂಬ ಶಸ್ತ್ರವೈದ್ಯರು, ಜೋರು ಸೋಂಕು ತಗುಲಿದ ಕೆಲವರ ಕ್ಯಾನ್ಸರ್ ಗಡ್ಡೆ ಕರಗಿದ್ದನ್ನು ಗಮನಿಸಿ, ರೋಗಾಣುಗಳನ್ನೇ ಚುಚ್ಚುಮದ್ದಾಗಿ ಕೊಟ್ಟು ನೋಡಿದರು. ಹೀಗೇಕೆ ಆಗುತ್ತದೆ ಎಂದು ಬೆನ್ನು ಹತ್ತಿದ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು 1975ರಲ್ಲಿ, ಇಲಿಗಳ ರಕ್ತದಲ್ಲಿ ಗಡ್ಡೆಯನ್ನು ಸಾಯಿಸುವ ಒಂದು ಅಂಶವಿದೆ ಎಂದು ತೋರಿಸಿ ಅದಕ್ಕೆ ಈ ಹೆಸರಿಟ್ಟರು. ಅತ್ತ ಆಂಥೊನಿ ಸೆರಾಮಿ, ಬ್ರೂಸ್ ಬಾಯ್ಟ್ಲರ್ ಎಂಬುವರು ದೀರ್ಘ ರೋಗದಲ್ಲಿ ಪ್ರಾಣಿಗಳು ಸೊರಗುವುದೇಕೆ ಎಂದು ಹುಡುಕುತ್ತಿದ್ದರು. ಅವರಿಗೆ ಸಿಕ್ಕ ಪ್ರೋಟೀನೂ ಇದೇ ಎಂದು 1985ರ ಹೊತ್ತಿಗೆ ಗೊತ್ತಾಯಿತು. ಗಡ್ಡೆ ಕೊಲ್ಲುತ್ತದೆಂದು ಹೆಸರು ಪಡೆದದ್ದು ಮೈಯನ್ನೂ ಸೊರಗಿಸುತ್ತದೆ ಎಂದಾಯಿತು.

ಇದನ್ನು ಕೀಲಿಗೆ ತಂದವರು ಲಂಡನ್ನಿನ ಕೆನಡಿ ಸಂಸ್ಥೆಯ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್. ಮೈನಿ ಅವರು ಹುಟ್ಟಿದ್ದು ನಮ್ಮ ಪಂಜಾಬಿನ ಲೂಧಿಯಾನದಲ್ಲಿ. ಊದಿದ ಕೀಲಿನಲ್ಲಿ ಟಿಎನ್‌ಎಫ್ ಒಂದೇ ಅಲ್ಲ, ಇಂಟರ್‌ಲ್ಯೂಕಿನ್ ಮುಂತಾದ ಹತ್ತಾರು ಕೂಗುಗಳಿವೆ. ಒಂದನ್ನು ಮುಚ್ಚಿಸಿದರೆ ಉಳಿದವು ಕೂಗುವುದಿಲ್ಲವೇ ಎಂದು ಬಹಳ ಮಂದಿ ಸಂಶಯಪಟ್ಟರು. ಅವರ ತಂಡದ ಫಿಯೋನುಲಾ ಬ್ರೆನನ್ ಎಂಬ ವಿಜ್ಞಾನಿ ರೋಗಿಗಳ ಕೀಲಿನ ಪೊರೆಯ ಕಣಗಳನ್ನು ತಟ್ಟೆಯಲ್ಲಿ ಬೆಳೆಸಿ ಟಿಎನ್‌ಎಫ್ ಒಂದನ್ನೇ ತಡೆದರು. ಅದನ್ನು ತಡೆದಾಗ ಇಂಟರ್‌ಲ್ಯೂಕಿನ್-1 ಎಂಬ ಇನ್ನೊಂದು ಕೂಗೂ ತಗ್ಗಿತು. ಆ ಫಲಿತಾಂಶ 1989ರಲ್ಲಿ ಪ್ರಕಟವಾಯಿತು. ಟಿಎನ್‌ಎಫ್ ಮುಂದಾಳು, ಉಳಿದವು ಅದರ ಹಿಂದೆ ಬರುವವು ಎಂಬ ಲೆಕ್ಕ ಆಗ ಸಿಕ್ಕಿತು.

1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಬೇರೆ ಯಾವ ಔಷಧಿಗೂ ಬಗ್ಗದ ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಪ್ರತಿಕಾಯವನ್ನು ರಕ್ತನಾಳದ ಮೂಲಕ ಕೊಟ್ಟರು. ಮುಂದೆ ಅದಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೆಸರು ಬಂತು. ರೋಗಿಗಳ ನೋವು, ಬಿಗಿತ, ಸುಸ್ತು ಬೇಗನೆ ಇಳಿದವು. ಇದು ಮನಸ್ಸಿನ ಸಮಾಧಾನ ಇರಬಹುದೇ ಎಂದು ಖಚಿತ ಮಾಡಿಕೊಳ್ಳಲು 73 ಜನರ ಮೇಲೆ ಪರೀಕ್ಷೆ ನಡೆಯಿತು. ಯಾರಿಗೆ ಔಷಧಿ, ಯಾರಿಗೆ ಔಷಧಿ ಇಲ್ಲದ ಬರೀ ದ್ರವ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ನಾಲ್ಕು ವಾರ ಕಳೆದು ನೋಡಿದರೆ ಬರೀ ದ್ರವ ಪಡೆದ 24 ಜನರಲ್ಲಿ ಇಬ್ಬರಿಗೆ ಗುಣ ಕಂಡಿತ್ತು. ಹೆಚ್ಚಿನ ಪ್ರಮಾಣದ ಔಷಧಿ ಪಡೆದ 24 ಜನರಲ್ಲಿ 19 ಮಂದಿಗೆ ಗುಣ ಕಂಡಿತ್ತು. 1994ರಲ್ಲಿ ಅದು ಪ್ರಕಟವಾದ ಮೇಲೆ ಕೀಲುರೋಗದ ಚಿಕಿತ್ಸೆಯ ದಾರಿಯೇ ಬದಲಾಯಿತು. ಎಟನರ್ಸೆಪ್ಟ್, ಅಡಾಲಿಮುಮ್ಯಾಬ್ ಎಂಬ ಔಷಧಿಗಳೂ ಬಂದವು. 2003ರಲ್ಲಿ ಇಬ್ಬರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು. ಬೆನ್ನುಮೂಳೆಯ ರೋಗಕ್ಕೂ ಸೋರಿಯಾಸಿಸ್ ಕೀಲುರೋಗಕ್ಕೂ ಇವು ಕೆಲಸ ಮಾಡುತ್ತವೆ ಎಂದು ಆಮೇಲೆ ಸಾಬೀತಾಯಿತು.

ಕೂಗನ್ನು ಮುಚ್ಚಿಸಿದ್ದಕ್ಕೆ ಬೆಲೆ ತೆರಬೇಕಾಗುತ್ತದೆ. ಟಿಎನ್‌ಎಫ್ ಮೈಯ ಕಾವಲುಗಾರ ಎಂದೆನಲ್ಲ, ಅದರ ಒಂದು ದೊಡ್ಡ ಕೆಲಸ ಕ್ಷಯದ ರೋಗಾಣುಗಳ ಸುತ್ತ ಕೋಟೆ ಕಟ್ಟಿ ಒಳಗೇ ಕೂಡಿಹಾಕುವುದು. ಎಳವೆಯಲ್ಲಿ ಒಳಹೊಕ್ಕ ಕ್ಷಯದ ರೋಗಾಣು ಆ ಕೋಟೆಯೊಳಗೆ ನಿದ್ದೆ ಮಾಡುತ್ತಾ ಎಷ್ಟೋ ಜನರಲ್ಲಿ ಜೀವನಪರ್ಯಂತ ಇರುತ್ತದೆ. ಟಿಎನ್‌ಎಫ್ ತಡೆದರೆ ಕೋಟೆ ಕುಸಿಯಬಹುದು. 2001ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಜನರಿಗೆ ಕ್ಷಯ ಬಂದ ವರದಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಶ್ವಾಸಕೋಶದ ಆಚೆಗೆ ಬಂದಿತ್ತು. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಆದ್ದರಿಂದ ಇಲ್ಲಿ ಈ ಚುಚ್ಚುಮದ್ದು ಶುರುಮಾಡುವ ಮೊದಲು ಎದೆಯ ಎಕ್ಸ್‌ರೇ, ಚರ್ಮದ ಅಥವಾ ರಕ್ತದ ಕ್ಷಯ ಪರೀಕ್ಷೆ ಆಗಲೇಬೇಕು. ನಿದ್ದೆಯಲ್ಲಿರುವ ಕ್ಷಯ ಕಂಡರೆ ಮೊದಲು ಅದಕ್ಕೆ ಔಷಧಿ ಶುರುವಾಗಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯ ಆಗಿದ್ದರೆ ಮುಚ್ಚಿಡದೆ ಹೇಳಿ. ಹೇಳಿದರೆ ಅವಮಾನವಿಲ್ಲ, ಮುಚ್ಚಿಟ್ಟರೆ ಪ್ರಾಣಕ್ಕೇ ಬರಬಹುದು.

ಇನ್ನೊಂದು ಬೆಲೆ ದುಡ್ಡಿನದು. 2014ರಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಅಡಾಲಿಮುಮ್ಯಾಬಿನ ಪ್ರತಿರೂಪವನ್ನು ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದ ಮೇಲೆ ದರ ಇಳಿದಿದೆ. ಆದರೂ ತಿಂಗಳಿಗೆ ಸಾವಿರಾರು ರೂಪಾಯಿ, ಕೂಲಿ ಮಾಡುವ ಸಂಸಾರಕ್ಕೆ ಭಾರವೇ. ಎಲ್ಲರಿಗೂ ಇದು ಗುಣ ಕೊಡುತ್ತದೆ ಎಂದೂ ಇಲ್ಲ.

ಹಾಗಾದರೆ ಬಡವರ ಗತಿಯೇನು ಎಂದು ಕೇಳಬಹುದು. ನನ್ನ ಮಾತಿನಲ್ಲಿ ಮುಖ್ಯವಾದದ್ದು ಇಲ್ಲೇ ಇದೆ. ರುಮಟಾಯ್ಡ್ ರೋಗಿಗಳಲ್ಲಿ ಬಹಳ ಮಂದಿಗೆ ಈ ದುಬಾರಿ ಚುಚ್ಚುಮದ್ದು ಬೇಕಾಗುವುದೇ ಇಲ್ಲ, ಬೇಗ ಬಂದರೆ. ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಗುಳಿಗೆ ಇವತ್ತಿಗೂ ಈ ಚಿಕಿತ್ಸೆಯ ಅಡಿಪಾಯ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಎಂಬುವೂ ಇವೆ. ಇವುಗಳಿಗೆ ರೋಗ ಬಗ್ಗದಿದ್ದಾಗ ಟಿಎನ್‌ಎಫ್ ತಡೆಯುವ ಔಷಧಿಯಂಥವುಗಳ ಸರದಿ.

ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಎಚ್ಚರಿಕೆ. ಕೀಲುರೋಗಕ್ಕೆ ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ಬೇರೆ ಗುಳಿಗೆಗಳ ಹಾಗೆ ದಿನವೂ ನುಂಗಿದರೆ ಮೂಳೆಯೊಳಗಿನ ರಕ್ತ ತಯಾರಾಗುವ ಜಾಗವೇ ಬತ್ತಿ ಜೀವ ಹೋಗಬಹುದು. ಚೀಟಿಯ ಮೇಲೆ "ಭಾನುವಾರ ಮಾತ್ರ" ಎಂದೋ "ಬುಧವಾರ ಮಾತ್ರ" ಎಂದೋ ಕನ್ನಡದಲ್ಲೇ ಬರೆಸಿಕೊಳ್ಳಿ. ಬಾಯಿ ಹುಣ್ಣಾದರೆ, ಜ್ವರ ಬಂದರೆ ಗುಳಿಗೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಬಸುರಿಯಾಗುವ ಯೋಚನೆಯಿದ್ದರೆ ಮೊದಲೇ ತಿಳಿಸಿ. ಕಾಲಕಾಲಕ್ಕೆ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಹೆಸರಿಲ್ಲದ ಪೊಟ್ಟಣದ ಪುಡಿ, ಬಿಡಿ ಗುಳಿಗೆ ತಗೊಂಡು ಎರಡೇ ದಿನಕ್ಕೆ ನೋವು ಮಾಯವಾದರೆ ಅನುಮಾನಪಡಿ. ಎಷ್ಟೋ ಸಲ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ಕೆಟ್ಟದ್ದೇನಲ್ಲ, ನಾವೂ ಕೊಡುತ್ತೇವೆ, ಅಳತೆಯಿಟ್ಟು, ಸ್ವಲ್ಪ ದಿನ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಮೂಳೆ ಪೊಳ್ಳಾಗುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ರುಮಟಾಯ್ಡ್ ರೋಗದ ಅಪಾಯ ಹೆಚ್ಚು ಎಂಬುದನ್ನೂ ಗಂಡಸರು ನೆನಪಿಡಬೇಕು.

ಕೊನೆಗೆ ನನ್ನ ಕೋರಿಕೆಗಳು. ತಾಯಂದಿರೇ, ಬೆಳಗಿನ ಬಿಗಿತ, ಗೆಣ್ಣಿನ ಊತ ಆರು ವಾರ ಕಳೆದರೂ ಇಳಿಯದಿದ್ದರೆ ಮನೆಕೆಲಸ ಮುಗಿಯಲಿ ಎಂದು ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ. ಮನೆಯ ಗಂಡಸರು ಅವರನ್ನು ಕರೆದುಕೊಂಡು ಹೋಗಿ. ಸೊಂಟ ನೋವಿನ ಹುಡುಗರೂ ಮೂರು ತಿಂಗಳಿಗಿಂತ ಹೆಚ್ಚು ನೋವಿದ್ದರೆ ಒಮ್ಮೆ ತೋರಿಸಿಕೊಳ್ಳಿ.

ಗುರುಗಳಲ್ಲಿ ಒಂದು ವಿನಂತಿ. ಈ ರೋಗ ಮಕ್ಕಳನ್ನೂ ಬಿಡುವುದಿಲ್ಲ. ಬೆಳಗಿನ ಪ್ರಾರ್ಥನೆಗೆ ಕುಂಟುತ್ತಾ ಬಂದು ಮಧ್ಯಾಹ್ನ ಸರಿಯಾಗಿ ಓಡುವ ಮಗುವನ್ನು, ಪೆನ್ನು ಹಿಡಿಯಲಾಗದೆ ನೋಟ್ಸು ಅರ್ಧಕ್ಕೆ ಬಿಡುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅದರ ಮಂಡಿ, ಮಣಿಕಟ್ಟು ಮುಟ್ಟಿ ನೋಡಿ. ಊದಿ ಬಿಸಿಯಾಗಿದ್ದರೆ ತಂದೆತಾಯಿಯನ್ನು ಕರೆಸಿ ಹೇಳಿ. ಅಂಥ ಮಕ್ಕಳಲ್ಲಿ ಕೆಲವರಿಗೆ ಕಣ್ಣಿನ ಒಳಗೂ ನೋವಿಲ್ಲದ ಉರಿಯೂತ ಬಂದು ದೃಷ್ಟಿ ಹೋಗುವುದುಂಟು. ಆದ್ದರಿಂದ ಕಣ್ಣಿನ ಪರೀಕ್ಷೆಯೂ ಆಗಬೇಕು. ಸಮಯಕ್ಕೆ ಔಷಧಿ ಸಿಕ್ಕ ಮಕ್ಕಳು ಎಲ್ಲರ ಹಾಗೆ ಓದಿ, ಆಡಿ ಬೆಳೆಯುತ್ತಾರೆ.

ವಿದ್ಯಾರ್ಥಿಗಳೇ, ತಟ್ಟೆಯಲ್ಲಿ ಕಣ ಬೆಳೆಸಿ ನೋಡಿದ ಒಬ್ಬ ಹೆಣ್ಣುಮಗಳ ಪ್ರಯೋಗ ಇವತ್ತು ಲಕ್ಷಾಂತರ ಜನರ ಕೈಗೆ ಬಲ ಕೊಟ್ಟಿದೆ. ನಿಮ್ಮ ಶಾಲೆಯ ಪ್ರಯೋಗಾಲಯ ಚಿಕ್ಕದು ಎಂದು ಕುಗ್ಗಬೇಡಿ, ಪ್ರಶ್ನೆ ಕೇಳುವುದನ್ನು ಬಿಡಬೇಡಿ.

ಇಷ್ಟು ಹೊತ್ತು ಸಮಾಧಾನವಾಗಿ ಕೇಳಿದಿರಿ. ಊಟದ ನಂತರ ಮೂರನೇ ಕೊಠಡಿಯಲ್ಲಿ ಕೂತಿರುತ್ತೇನೆ. ಕೈಕಾಲು ಊದಿರುವವರು ಹಳೆಯ ಚೀಟಿಗಳನ್ನು ಹಿಡಿದು ಬನ್ನಿ, ನೋಡೋಣ.